ಹಳೇ ಮಿಲಿಟರಿ ಜೀಪಿನ ಬಿಡದ ಮಿಸ್ಸಿಂಗ್: ಎಲ್ಲಿಂದ ಶುರು ಮಾಡಬೇಕು, ಹೇಗೆ ಹುಡುಕಬೇಕು

ಪ್ಲಗ್ ಹೊಸದು. ಪಾಯಿಂಟ್ (ಕಿಡಿಗಾಗಿ ಕರೆಂಟ್ ಕಡಿದು ಕೂಡಿಸುವ ಸ್ವಿಚ್) ಹೊಸದು. ಕಿಡಿಗೆ ವೋಲ್ಟೇಜ್ ಏರಿಸುವ ಕಾಯಿಲ್ ಕೂಡ ಬದಲಾಯಿಸಿ ಆಯಿತು. ಆದರೂ ಏರು ಬಂದರೆ ಸಾಕು, ಜೀಪು ಜಗ್ಗಾಡುತ್ತದೆ, ಸೈಲೆನ್ಸರ್‌ನಲ್ಲಿ ಫಟ್ ಅನ್ನುತ್ತದೆ. ಕಲಬುರಗಿ, ಬೀದರ್ ಕಡೆ ಡಿಸ್ಪೋಸಲ್ ಗಾಡಿ (ಸೇನೆ ಹರಾಜು ಹಾಕಿದ್ದು) ಇಟ್ಟುಕೊಂಡವರು ಗ್ಯಾರೇಜಿಗೆ ಬಂದು ಹೇಳುವ ಮೊದಲ ಮಾತು ಇದೇ: "ಉಸ್ತಾದ್, ಎಲ್ಲಾ ಹೊಸಾದು ಹಾಕೀವಿ, ಇನ್ನಾ ಮಿಸ್ಸಿಂಗ್ ಹೊಡೀಲಕತ್ತದ." ಮಿಸ್ಸಿಂಗ್ ಅಂದರೆ ಎಂಜಿನ್ ನಡುನಡುವೆ ಉರಿ ತಪ್ಪುವುದು.

ಎಲ್ಲಾ ಹೊಸದು ಹಾಕಿದ್ದೇ ಅರ್ಧ ತೊಂದರೆ. ಒಂದೇ ದಿನ ನಾಲ್ಕು ಸಾಮಾನು ಬದಲಾಯಿಸಿದರೆ ಯಾವುದು ಚೆನ್ನಾಗಿತ್ತು, ಯಾವುದು ಕೆಟ್ಟಿತ್ತು ಅಂತ ಗೊತ್ತಾಗುವ ದಾರಿಯೇ ಮುಚ್ಚಿಹೋಗುತ್ತದೆ. ಈಗ ಸಿಗುವ ಕಂಡೆನ್ಸರ್ (ಪಾಯಿಂಟ್ ಸುಡದಂತೆ ಕಾಯುವ ಸಣ್ಣ ಡಬ್ಬಿ), ಸಿಲಿಂಡರ್‌ಗಳಿಗೆ ಕಿಡಿ ಹಂಚುವ ರೋಟರ್‌ಗಳಲ್ಲಿ ಎಷ್ಟೋ ಪೊಟ್ಟಣ ಬಿಚ್ಚಿದಾಗಲೇ ಕೆಟ್ಟಿರುತ್ತವೆ. ಹಾಗಾಗಿ ಮೊದಲ ನಿಯಮ: ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನೆಯದು: ಬಿಚ್ಚಿದ ಹಳೇ ಸಾಮಾನು ಗುಜರಿಗೆ ಹಾಕಬೇಡಿ, ಡಬ್ಬಿಯಲ್ಲಿ ಇಡಿ.

ನಾನು ಇಲ್ಲಿ ಲೆಕ್ಕಕ್ಕೆ ಹಿಡಿದ ಗಾಡಿ ಮಹೀಂದ್ರಾ ಸಿಜೆ-3ಬಿ, ಪೆಟ್ರೋಲಿನ ಹರಿಕೇನ್ ಎಂಜಿನ್ ಇರುವುದು. 4 ಸಿಲಿಂಡರ್, 2199 ಸಿಸಿ. ಇದರ ಕಟ್ಟೋಣವೇ ಬೇರೆ ತರಹ: ಇನ್‌ಟೇಕ್ ವಾಲ್ವ್ ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವ್ ಬ್ಲಾಕಿನಲ್ಲಿ. ನಿಮ್ಮದು ಸೇನೆಯ ಇನ್ನೊಂದು ಗಾಡಿ ಜೊಂಗಾ ಆಗಿದ್ದರೆ ಅದು 6 ಸಿಲಿಂಡರ್, 3956 ಸಿಸಿಯ ನಿಸ್ಸಾನ್ ಎಂಜಿನ್. ಹುಡುಕುವ ದಾರಿ ಅದೇ, ಅಳತೆಗಳು ಮಾತ್ರ ಅದರ ಮ್ಯಾನುಯಲ್‌ನಿಂದ ತೆಗೆದುಕೊಳ್ಳಿ. ನಮ್ಮ ಕಡೆ ಎಷ್ಟೋ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸಿದ್ದಾರೆ. ಅವುಗಳಿಗೆ ಇಲ್ಲಿ ಹೇಳಿದ್ದು ಹೊಂದುವುದಿಲ್ಲ.

ಕೈ ಹಚ್ಚುವ ಮೊದಲು

ಬೇಕಾದ ಸಾಮಾನು ಜಾಸ್ತಿ ಇಲ್ಲ: ಪ್ಲಗ್ ಪಾನಾ, ಫೀಲರ್ ಗೇಜ್, ಮಲ್ಟಿಮೀಟರ್, 12 ವೋಲ್ಟಿನ ಸಣ್ಣ ಬಲ್ಬು, ರಬ್ಬರ್ ಹಿಡಿಯ ಪಕ್ಕಡ್, ಕಂಪ್ರೆಷನ್ ಗೇಜ್. ವ್ಯಾಕ್ಯೂಮ್ ಗೇಜ್ ಸಿಕ್ಕರೆ ಇನ್ನೂ ಒಳ್ಳೇದು. ಜೊತೆಗೆ ಒಂದು ನೋಟ್‌ಬುಕ್.

ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಗಾಲಿಗೆ ಕಲ್ಲು ಕೊಡಿ. ಹೆಗಲ ಮೇಲಿನ ಟವಲ್ ತೆಗೆದಿಡಿ. ಈ ಜೀಪಿನ ಫ್ಯಾನಿಗೆ ಮುಚ್ಚಳ ಇಲ್ಲ. ಪಕ್ಕದಲ್ಲಿ ಒಂದು ಬಕೆಟ್ ಮರಳು ಇಡಿ. ಏಪ್ರಿಲ್, ಮೇ ಆಗಿದ್ದರೆ ಬೆಳಿಗ್ಗೆಯೇ ಶುರು ಮಾಡಿ. ಎಂಜಿನ್ ತಣ್ಣಗಿದ್ದಾಗಲೂ ಕಾದಾಗಲೂ ನೋಡಬೇಕಾಗುತ್ತದೆ, ಮಧ್ಯಾಹ್ನದ ಬಿಸಿಲಿನಲ್ಲಿ ಅದು ತಣ್ಣಗಾಗುವುದೇ ಇಲ್ಲ.

ಮಿಸ್ಸಿಂಗ್ ಯಾವ ಹೊತ್ತಿಗೆ?

ಪಾನಾ ಹಿಡಿಯುವ ಮೊದಲು ಕಿವಿ ಕೊಡಿ. ತಾಳ ತಪ್ಪದೆ, ಪ್ರತಿ ಸುತ್ತಿಗೂ ಒಂದೇ ಕಡೆ ಹೊಡೆದಂತೆ ಇದ್ದರೆ ಒಂದು ಸಿಲಿಂಡರ್ ಸತ್ತಿದೆ. ಹೇಗೆಂದರೆ ಹಾಗೆ, ಒಮ್ಮೆ ಇಲ್ಲಿ ಒಮ್ಮೆ ಅಲ್ಲಿ ಅನ್ನಿಸಿದರೆ ತಪ್ಪು ಎಲ್ಲ ಸಿಲಿಂಡರ್‌ಗೂ ಸೇರಿದ್ದು: ಕಂಡೆನ್ಸರ್, ಕಾಯಿಲ್, ಅರ್ಥ್, ಇಲ್ಲವೇ ಪೆಟ್ರೋಲ್. ಈ ಎರಡನ್ನು ಬೇರೆ ಮಾಡಿದರೆ ಕೆಲಸ ಅರ್ಧ ಆಯಿತು.

ಆಮೇಲೆ ಹೊತ್ತು ನೋಡಿ. ಐಡ್ಲಿಂಗ್‌ನಲ್ಲಿ ಮಾತ್ರ ಬರುತ್ತದೆಯಾ? ಹಾಗಿದ್ದರೆ ಗಾಳಿ ಎಳೆಯುವ ಲೀಕ್ ಅಥವಾ ಬಿಗಿಯಾದ ವಾಲ್ವ್ ಕಡೆ ಅನುಮಾನ. ಲೋಡ್ ಬಿದ್ದಾಗ ಮಾತ್ರವಾ? ಆಗ ಕಿಡಿ ಬಲ ಸಾಲುತ್ತಿಲ್ಲ, ಪ್ಲಗ್, ವೈರ್, ಡಿಸ್ಟ್ರಿಬ್ಯೂಟರ್ (ಕಿಡಿ ಹಂಚುವ ಡಬ್ಬಿ) ಮೇಲಿನ ಕ್ಯಾಪ್, ಕಾಯಿಲ್ ನೋಡಿ. ಅರ್ಧ ಗಂಟೆ ಓಡಿ ಕಾದ ಮೇಲೆ ಮಾತ್ರ ಬರುತ್ತದೆಯಾ? ಕಂಡೆನ್ಸರ್, ಕಾಯಿಲ್, ಇಲ್ಲಾ ವೇಪರ್ ಲಾಕ್ (ಬಿಸಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಹರಿವು ಕಟ್ಟುವುದು).

ಇಲ್ಲಿ ಒಂದು ಸುಲಭದ ಪರೀಕ್ಷೆ ಇದೆ, ತುಂಬಾ ಜನ ಮಾಡುವುದೇ ಇಲ್ಲ. ಮಿಸ್ಸಿಂಗ್ ಹೊಡೆಯುತ್ತಿರುವಾಗಲೇ ಚೋಕ್ ಸ್ವಲ್ಪ ಎಳೆಯಿರಿ. ಎಂಜಿನ್ ಸುಧಾರಿಸಿದರೆ ಪೆಟ್ರೋಲ್ ಸಾಲುತ್ತಿಲ್ಲ, ಅಥವಾ ಎಲ್ಲೋ ಗಾಳಿ ಜಾಸ್ತಿ ಹೋಗುತ್ತಿದೆ. ಏನೂ ವ್ಯತ್ಯಾಸ ಆಗದಿದ್ದರೆ ಕಿಡಿಯ ಕಡೆ ಹೋಗಿ. ಇನ್ನೂ ಕೆಟ್ಟರೆ ಮೊದಲೇ ಪೆಟ್ರೋಲ್ ಜಾಸ್ತಿ ಬೀಳುತ್ತಿದೆ. ಕಾಸು ಖರ್ಚಿಲ್ಲ, ಒಂದು ನಿಮಿಷದ ಕೆಲಸ.

ಯಾವ ಸಿಲಿಂಡರ್?

ರೇಡಿಯೇಟರ್ ಕಡೆಯದು 1ನೇ ಸಿಲಿಂಡರ್. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳಿಗೆ ಕಿಡಿ ಬೀಳುವ ಕ್ರಮ, 1-3-4-2. ರೋಟರ್ ಮೇಲಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ಉಲ್ಟಾ ತಿರುಗುತ್ತದೆ. ಮೊದಲು ವೈರ್‌ಗಳು ಆ ಕ್ರಮದಲ್ಲೇ ಇವೆಯಾ ಅಂತ ನೋಡಿ. ಅವಸರದಲ್ಲಿ ಎರಡು ವೈರ್ ಅದಲು ಬದಲಾಗಿ, ಕಾರ್ಬೋರೇಟರ್‌ನಲ್ಲಿ ಫಟ್ ಅನ್ನುವ ಗಾಡಿಗಳು ಬೇಕಾದಷ್ಟಿವೆ.

ಈಗ ಎಂಜಿನ್ ಚಾಲು ಮಾಡಿ, ಐಡ್ಲಿಂಗ್ ಸ್ವಲ್ಪ ಏರಿಸಿ. ರಬ್ಬರ್ ಹಿಡಿಯ ಪಕ್ಕಡ್‌ನಿಂದ ಒಂದೊಂದೇ ಪ್ಲಗ್ ವೈರ್ ತೆಗೆಯಿರಿ. ತೆಗೆದ ವೈರಿನ ತುದಿಯನ್ನು ಬ್ಲಾಕಿಗೆ ತಾಗಿಸಿ ಹಿಡಿಯಿರಿ. ಗಾಳಿಯಲ್ಲಿ ಬಿಟ್ಟರೆ ಕಿಡಿಗೆ ಹೋಗಲು ದಾರಿ ಸಿಗದೆ ಕಾಯಿಲ್ ಒಳಗೆ ಸುಡುತ್ತದೆ. ಎಂಜಿನ್ ಸದ್ದು ಇಳಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು ಅಂತ ಅರ್ಥ. ಏನೂ ಬದಲಾಗದಿದ್ದರೆ ಅದೇ ಕಳ್ಳ.

ಕಳ್ಳ ಸಿಕ್ಕ ತಕ್ಷಣ ಹೊಸ ಪ್ಲಗ್ ತರಲು ಓಡಬೇಡಿ. ಅದರ ಪ್ಲಗ್ ಬಿಚ್ಚಿ ಪಕ್ಕದ ಸಿಲಿಂಡರ್‌ಗೆ ಹಾಕಿ, ಪಕ್ಕದ್ದು ಇಲ್ಲಿಗೆ. ಮಿಸ್ಸಿಂಗ್ ಪ್ಲಗ್ ಜೊತೆ ಹೋಯಿತಾ? ಪ್ಲಗ್ ಕೆಟ್ಟಿದೆ. ಹೋಗಲಿಲ್ಲವಾ? ಹಾಗೇ ವೈರ್ ಬದಲಿಸಿ ನೋಡಿ. ಅದಕ್ಕೂ ಹೋಗದಿದ್ದರೆ ಕ್ಯಾಪಿನ ಆ ಮನೆ ನೋಡಿ. ಅಲ್ಲೂ ಸರಿ ಇದ್ದರೆ ಕಿಡಿಯ ಮಾತು ಬಿಟ್ಟು ನೇರ ಸಿಲಿಂಡರ್ ಒಳಗಿನ ಒತ್ತಡಕ್ಕೆ, ಅಂದರೆ ಕಂಪ್ರೆಷನ್‌ಗೆ ಹೋಗಿ.

ಬಿಚ್ಚಿದ ಪ್ಲಗ್‌ಗಳನ್ನು ಸಾಲಾಗಿ ಇಟ್ಟು ನೋಡಿ. ಒಣ ಕರಿ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ. ಪೆಟ್ರೋಲ್‌ನಿಂದಲೇ ಒದ್ದೆ ಇದ್ದರೆ ಕಿಡಿ ಬಂದಿಲ್ಲ. ಎಣ್ಣೆ ಜಿಡ್ಡಿದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಗೈಡ್. ಬಿಳುಚಿಕೊಂಡಿದ್ದರೆ ಗಾಳಿ ಜಾಸ್ತಿ. ನಾಲ್ಕೂ ಒಂದೇ ಬಣ್ಣ ಇದ್ದರೆ ಕಾರ್ಬೋರೇಟರ್ ಕಡೆ, ಒಂದು ಮಾತ್ರ ಬೇರೆ ಇದ್ದರೆ ಆ ಸಿಲಿಂಡರ್ ಕಡೆ. ಗ್ಯಾಪ್ 0.75 ಮಿ.ಮೀ., ಅಂದರೆ 30 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ). ಹೊಸ ಪ್ಲಗ್ ತರುವಾಗ ಹಳೇದನ್ನು ಜೇಬಲ್ಲಿ ಹಾಕಿಕೊಂಡು ಹೋಗಿ. ಚೂಡಿಯ (ಥ್ರೆಡ್ಡಿನ) ಉದ್ದ ಸರಿಯಾಗಿ ಅಷ್ಟೇ ಇರಬೇಕು.

ಕಿಡಿಯ ದಾರಿ

ಹಳೇ ಜೀಪಿನ ಮಿಸ್ಸಿಂಗ್ ಹೆಚ್ಚಾಗಿ ಸಿಗುವುದು ಇಲ್ಲೇ. ಬ್ಯಾಟರಿಯಿಂದ ಪ್ಲಗ್‌ವರೆಗೆ ಒಂದೊಂದೇ ಮೆಟ್ಟಿಲು ಹೋಗಬೇಕು, ಹಾರಬಾರದು.

ಮೊದಲು ಪಾಯಿಂಟ್. ಗ್ಯಾಪ್ 0.5 ಮಿ.ಮೀ., ನಮ್ಮ ಗ್ಯಾರೇಜ್ ಭಾಷೆಯಲ್ಲಿ 20 ಥೌ. ಒಂದೇ ಜಾಗದಲ್ಲಿ ಅಳೆದು ಬಿಡಬೇಡಿ. ಕ್ಯಾಮ್‌ನ ನಾಲ್ಕೂ ಮೂಲೆಯಲ್ಲಿ ಅಳೆಯಿರಿ. ಒಂದೊಂದು ಕಡೆ ಒಂದೊಂದು ಬಂದರೆ ಡಿಸ್ಟ್ರಿಬ್ಯೂಟರ್ ಶಾಫ್ಟಿನ ಬುಷ್ ಸವೆದಿದೆ. ಶಾಫ್ಟನ್ನು ಬೆರಳಿನಿಂದ ಅತ್ತಿತ್ತ ತಳ್ಳಿ. ಪಾಯಿಂಟ್ ತೆರೆದುಕೊಂಡಂತೆ, ಮುಚ್ಚಿಕೊಂಡಂತೆ ಕಂಡರೆ ಅದೇ ಗುಟ್ಟು. ಇಂಥ ಗಾಡಿಗೆ ಎಷ್ಟು ಪಾಯಿಂಟ್ ಹಾಕಿದರೂ ಸುಮ್ನೆ ದುಡ್ಡು ದಂಡ. ಬುಷ್ ಹೊಸದು ಹಾಕಿಸಲೇಬೇಕು, ಲೇಥ್ ಅಂಗಡಿಯಲ್ಲಿ ಮಾಡಿಕೊಡುತ್ತಾರೆ. ಎಲ್ಲಾ ಹೊಸದು ಹಾಕಿಯೂ ನಿಲ್ಲದ ಮಿಸ್ಸಿಂಗ್‌ನಲ್ಲಿ ನಾನು ಮೊದಲು ಕೈ ಇಡುವುದು ಈ ಶಾಫ್ಟಿನ ಮೇಲೆ.

ಇಗ್ನಿಷನ್ ಹಾಕಿ, ಪಾಯಿಂಟ್ ಮುಚ್ಚಿರುವಾಗ ಮೀಟರನ್ನು ಡಿಸ್ಟ್ರಿಬ್ಯೂಟರ್ ಟರ್ಮಿನಲ್ ಮತ್ತು ಬ್ಯಾಟರಿಯ ಅರ್ಥ್ ನಡುವೆ ಇಡಿ. 0.2 ವೋಲ್ಟ್‌ಗಿಂತ ಕಡಿಮೆ ತೋರಿಸಬೇಕು. ಜಾಸ್ತಿ ತೋರಿಸಿದರೆ ಪಾಯಿಂಟ್ ಮುಖ ಕೊಳೆ, ಅಥವಾ ಡಿಸ್ಟ್ರಿಬ್ಯೂಟರ್‌ಗೆ ಅರ್ಥ್ ಸರಿಯಾಗಿ ಸಿಗುತ್ತಿಲ್ಲ. ಹೊಸ ಪಾಯಿಂಟ್‌ಗೆ ಸಾಮಾನ್ಯವಾಗಿ ತುಕ್ಕು ಹಿಡಿಯದಿರಲಿ ಅಂತ ಎಣ್ಣೆ ಸವರಿರುತ್ತಾರೆ. ಪೆಟ್ರೋಲ್ ಹಚ್ಚಿದ ಬಟ್ಟೆಯಿಂದ ಒರೆಸದೆ ಹಾಕಿದರೆ ಅದೇ ಸುಟ್ಟು ಕರಿ ಪದರ ಆಗುತ್ತದೆ.

ಡಿಸ್ಟ್ರಿಬ್ಯೂಟರ್ ಒಳಗಿನ ಸಣ್ಣ ವೈರ್ ಮರೆಯಬೇಡಿ. ಮೇಲಿನ ಬಟ್ಟೆ ಚೆನ್ನಾಗಿ ಕಾಣುತ್ತದೆ, ಒಳಗೆ ತಂತಿ ಎಳೆ ಎಳೆ ಹರಿದಿರುತ್ತದೆ. ಮೆಲ್ಲಗೆ ಎಳೆದು ನೋಡಿ. ರಬ್ಬರಿನಂತೆ ಹಿಗ್ಗಿದರೆ ಒಳಗೆ ತುಂಡಾಗಿದೆ.

ಇನ್ನು ಕಂಡೆನ್ಸರ್. ಇದರ ಬೆಲೆ ಕಡಿಮೆ, ತೊಂದರೆ ಜಾಸ್ತಿ. ಪಾಯಿಂಟ್ ನಡುವೆ ಹಳದಿ ಕಿಡಿ ದೊಡ್ಡದಾಗಿ ಕಂಡರೆ, ಪಾಯಿಂಟಿನ ಒಂದು ಮುಖ ಗುಂಡಿ ಬಿದ್ದು ಇನ್ನೊಂದು ಗುಡ್ಡೆ ಕಟ್ಟಿದರೆ ಇದರ ಮೇಲೆ ಅನುಮಾನ ಪಡಿ. ತಣ್ಣಗಿರುವಾಗ ಸರಿ ಇದ್ದು, ಕಾದ ಮೇಲೆ ಕೈಕೊಡುವುದು ಇದರ ಸ್ವಭಾವ. ಕಲಬುರಗಿಯ ಮೇ ತಿಂಗಳಲ್ಲಿ ಬಾನೆಟ್ ಕೆಳಗೆ ಇದು ಬೇಯುತ್ತದೆ, ಅಲ್ವಾ? ಪರೀಕ್ಷೆ ಸುಲಭ: ಚೆನ್ನಾಗಿರುವ ಇನ್ನೊಂದು ಕಂಡೆನ್ಸರ್‌ ವೈರನ್ನು ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್‌ಗೆ ಹೋಗುವ ಟರ್ಮಿನಲ್‌ಗೆ ಕಟ್ಟಿ, ಅದರ ಮೈಯನ್ನು ಬಾಡಿಗೆ ಅರ್ಥ್ ಮಾಡಿ, ಹಳೇದರ ವೈರ್ ಬಿಡಿಸಿ. ಓಡಿಸಿ ನೋಡಿ. ಮಿಸ್ಸಿಂಗ್ ಹೋದರೆ ಹೊರಗೇ ಬಿಡಿ, ಎಂಜಿನ್ ಬಿಸಿ ಅಷ್ಟು ತಾಗುವುದಿಲ್ಲ. 0.2 ಮೈಕ್ರೋಫ್ಯಾರಡ್ ಆಸುಪಾಸಿನ ಯಾವ ಒಳ್ಳೆ ಕಂಡೆನ್ಸರ್ ಆದರೂ ನಡೆಯುತ್ತದೆ.

ಕಾಯಿಲ್‌ನಲ್ಲಿ ಎರಡು ವಿಷಯ. 12 ವೋಲ್ಟ್ ಗಾಡಿಗೆ 6 ವೋಲ್ಟಿನದ್ದೋ, ಬ್ಯಾಲಸ್ಟ್ (ಕರೆಂಟ್ ತಗ್ಗಿಸುವ ರೆಸಿಸ್ಟೆನ್ಸ್) ಬೇಕಾದದ್ದೋ ಸುಮ್ನೆ ಹಾಕಿದರೆ ಕಾದು ಕೈಬಿಡುತ್ತದೆ. ಎರಡನೆಯದು, ಉಲ್ಟಾ ಕನೆಕ್ಷನ್. ನೆಗೆಟಿವ್ ಅರ್ಥ್ ಗಾಡಿಯಲ್ಲಿ ಕಾಯಿಲಿನ ಮೈನಸ್ ತುದಿ ಡಿಸ್ಟ್ರಿಬ್ಯೂಟರ್‌ಗೆ ಹೋಗಬೇಕು. ಉಲ್ಟಾ ಇದ್ದರೂ ಗಾಡಿ ಓಡುತ್ತದೆ, ಅದೇ ಮೋಸ. ಕಿಡಿ ಹಾರಲು ಜಾಸ್ತಿ ವೋಲ್ಟೇಜ್ ಬೇಕಾಗಿ ಲೋಡ್ ಬಿದ್ದಾಗ ತಪ್ಪುತ್ತದೆ.

ಕ್ಯಾಪ್, ರೋಟರ್, ವೈರ್ ನೋಡಲು ಕತ್ತಲಾಗಲಿ. ಎಂಜಿನ್ ಚಾಲು ಇಟ್ಟು ಬಾನೆಟ್ ಎತ್ತಿ ನಿಲ್ಲಿ. ನೀಲಿ ಕಿಡಿ ಎಲ್ಲಾದರೂ ಬಾಡಿಗೆ ಹಾರುತ್ತಿದ್ದರೆ ಕಣ್ಣಿಗೇ ಬೀಳುತ್ತದೆ. ಕ್ಯಾಪ್ ಒಳಗೆ ಪೆನ್ಸಿಲ್ ಗೀರಿನಂಥ ಕರಿ ಗೆರೆ ಇದ್ದರೆ ಉಜ್ಜಿ ಪ್ರಯೋಜನವಿಲ್ಲ, ಕ್ಯಾಪ್ ಬದಲಾಯಿಸಿ.

ಟೈಮಿಂಗ್, ಅಂದರೆ ಕಿಡಿ ಬೀಳುವ ಹೊತ್ತು, ಪಿಸ್ಟನ್ ಟಾಪ್‌ಗೆ ಬರುವ 5 ಡಿಗ್ರಿ ಮೊದಲು. ಬಲ್ಬಿನ ಒಂದು ವೈರ್ ಡಿಸ್ಟ್ರಿಬ್ಯೂಟರ್ ಟರ್ಮಿನಲ್‌ಗೆ, ಇನ್ನೊಂದು ಅರ್ಥ್‌ಗೆ. ಇಗ್ನಿಷನ್ ಹಾಕಿ ಎಂಜಿನ್ ಕೈಯಿಂದ ನಿಧಾನ ತಿರುಗಿಸಿ. ಬಲ್ಬು ಹೊತ್ತಿದ ಕ್ಷಣವೇ ಪಾಯಿಂಟ್ ತೆರೆದ ಕ್ಷಣ, ಅದು ಗುರುತಿಗೆ ಸರಿಯಾಗಿ ಬರಬೇಕು. ಪಾಯಿಂಟ್ ಗ್ಯಾಪ್ ಮುಟ್ಟಿದರೆ ಟೈಮಿಂಗ್ ಬದಲಾಗುತ್ತದೆ, ಆದ್ದರಿಂದ ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ.

ಬಣ್ಣ ಮತ್ತು ರೇಡಿಯೊ

ಇವು ಮಿಲಿಟರಿ ಗಾಡಿಗೇ ಅಂಟಿಕೊಂಡ ತೊಂದರೆಗಳು. ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ಆಲಿವ್ ಗ್ರೀನ್ ಬಣ್ಣ ಸೇನೆಯ ಗಾಡಿಗೆ ಮಾತ್ರ. ಹಾಗಾಗಿ ಹರಾಜಿನಲ್ಲಿ ಕೊಂಡವರು ಮೊದಲು ಮಾಡಿಸುವ ಕೆಲಸ ಪೇಂಟಿಂಗ್. ಪೇಂಟರ್ ಚಾಸಿಸ್, ಬ್ರಾಕೆಟ್, ಬೋಲ್ಟು ಯಾವುದನ್ನೂ ಬಿಡದೆ ಸ್ಪ್ರೇ ಹೊಡೆಯುತ್ತಾನೆ. ಆಮೇಲೆ ಅರ್ಥ್ ಪಟ್ಟಿಯನ್ನು ಆ ಬಣ್ಣದ ಮೇಲೆಯೇ ಬಿಗಿಯುತ್ತಾರೆ. ನೋಡಲು ಚೆಂದ, ಕರೆಂಟ್ ಹೋಗಲು ದಾರಿ ಇಲ್ಲ. ಎಂಜಿನ್ ರಬ್ಬರ್ ಮೇಲೆ ಕೂತಿರುವುದರಿಂದ ಎಂಜಿನ್‌ನಿಂದ ಚಾಸಿಸ್‌ಗೆ ಹೋಗುವ ಪಟ್ಟಿ ಗಟ್ಟಿ ಇರಲೇಬೇಕು. ಎರಡೂ ತುದಿ ಬಿಚ್ಚಿ, ಪಾಲಿಶ್ ಪೇಪರ್‌ನಿಂದ ಲೋಹ ಹೊಳೆಯುವ ತನಕ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿಯಿರಿ. ಅನುಮಾನ ಇದ್ದರೆ ಬ್ಯಾಟರಿ ಮೈನಸ್‌ನಿಂದ ಬ್ಲಾಕಿಗೆ ಜಂಪರ್ ಕೇಬಲ್ ಕಟ್ಟಿ ನೋಡಿ. ಮಿಸ್ಸಿಂಗ್ ಹೋದರೆ ಉತ್ತರ ಸಿಕ್ಕಿತು.

ರೇಡಿಯೊ ಇಟ್ಟಿದ್ದ ಗಾಡಿಗಳಲ್ಲಿ ಕಿಡಿಯ ಗದ್ದಲ ರೇಡಿಯೊಗೆ ಕೇಳದಂತೆ ಪ್ಲಗ್ ವೈರಿಗೆ, ಕಾಯಿಲ್ ವೈರಿಗೆ ಸಪ್ರೆಸರ್ ಹಾಕಿರುತ್ತಾರೆ. ಅದರೊಳಗಿನ ರೆಸಿಸ್ಟೆನ್ಸ್ ವಯಸ್ಸಾದಂತೆ ಏರುತ್ತದೆ ಅಥವಾ ತುಂಡಾಗುತ್ತದೆ. ಒಂದೊಂದನ್ನೂ ಮೀಟರ್‌ನಲ್ಲಿ ಅಳೆಯಿರಿ. ಮೂರು ಹತ್ತಿರ ಹತ್ತಿರ ಇದ್ದು ಒಂದು ಮಾತ್ರ ಲಕ್ಷಗಟ್ಟಲೆ ಓಮ್ ತೋರಿಸಿದರೆ ಆ ಸಿಲಿಂಡರೇ ತಪ್ಪುತ್ತಿರುತ್ತದೆ. ಅಮೆರಿಕದ ಎಂ38 ತರಹ ನೀರು ಹೋಗದ, ಲೋಹದ ಕವಚದ 24 ವೋಲ್ಟ್ ಇಗ್ನಿಷನ್ ಇರುವ ಗಾಡಿಯಾದರೆ ಕಾಯಿಲ್ ಡಿಸ್ಟ್ರಿಬ್ಯೂಟರ್ ಒಳಗೇ ಕೂತಿರುತ್ತದೆ. ಅದಕ್ಕೆ ಬಜಾರಿನ 12 ವೋಲ್ಟ್ ಸಾಮಾನು ಹಾಕಲು ಹೋಗಬೇಡಿ.

ಪೆಟ್ರೋಲು, ಗಾಳಿ, ಬಿಸಿಲು

ಚೋಕ್ ಪರೀಕ್ಷೆ ಈ ಕಡೆ ಬೆರಳು ತೋರಿಸಿದ್ದರೆ ಮೊದಲು ಟ್ಯಾಂಕ್ ಮುಚ್ಚಳ ಸಡಿಲ ಬಿಟ್ಟು ಓಡಿಸಿ. ಮುಚ್ಚಳದ ಗಾಳಿ ತೂತು ಎರೆ ಮಣ್ಣಿನ ಧೂಳಿನಿಂದ ಮುಚ್ಚಿದ್ದರೆ ಟ್ಯಾಂಕಿನಲ್ಲಿ ಗಾಳಿ ಕಡಿಮೆಯಾಗಿ ಪೆಟ್ರೋಲ್ ಬರುವುದು ನಿಲ್ಲುತ್ತದೆ. ಮುಚ್ಚಳ ತೆಗೆದಾಗ ಸುಯ್ ಅಂದರೆ ಅದೇ.

ತಿಂಗಳುಗಟ್ಟಲೆ ನಿಂತಿದ್ದ ಗಾಡಿಯಾದರೆ ಟ್ಯಾಂಕಿನ ತುಕ್ಕು, ಫಿಲ್ಟರ್ ಬಟ್ಟಲಿನ ನೀರು ನೋಡಿ. ಬಿಚ್ಚಿಟ್ಟ ಪೈಪಿನಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿರುವುದೂ ಉಂಟು. ಎಂಜಿನ್ ತಣ್ಣಗಿರುವಾಗ ಕಾಯಿಲ್‌ಗೆ ಕರೆಂಟ್ ತರುವ ವೈರ್ ಬಿಡಿಸಿ, ಕಾರ್ಬೋರೇಟರ್ ಹತ್ತಿರ ಪೈಪ್ ಬಿಚ್ಚಿ ಬಾಟಲಿಗೆ ಹಿಡಿದು ಸೆಲ್ಫ್ ಹೊಡೆಯಿರಿ. ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಎಸಿ ಪಂಪ್ ದಪ್ಪ ಧಾರೆ ಒದೆಯಬೇಕು, ಗುಳ್ಳೆ ಬರಬಾರದು. ಗುಳ್ಳೆ ಬಂದರೆ ಪಂಪಿಗೂ ಟ್ಯಾಂಕಿಗೂ ನಡುವೆ ರಬ್ಬರ್ ಪೈಪ್ ಬಿರುಕು ಬಿಟ್ಟಿದೆ.

ಈಗ ಬಂಕಿನಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಹಳೇ ರಬ್ಬರ್ ಪೈಪ್, ಪಂಪಿನ ಡಯಾಫ್ರಂ (ಒಳಗಿನ ಪರದೆ) ಇದಕ್ಕೆ ಮಾಡಿದ್ದಲ್ಲ, ಉಬ್ಬಿ ಮೆತ್ತಗಾಗುತ್ತವೆ. ಎಥನಾಲ್ ನೀರನ್ನೂ ಹೀರಿಕೊಳ್ಳುತ್ತದೆ. ಹಳೇ ಜೆಟ್ಟಿಗೆ ಇದು ಸ್ವಲ್ಪ ತೆಳುವಾಗುತ್ತದೆ ಕೂಡ. ಎಥನಾಲ್‌ಗೆ ಒಗ್ಗುವ ಪೈಪ್, ಡಯಾಫ್ರಂ ಹಾಕಿಸಿ. ಜೆಟ್ ದೊಡ್ಡದು ಮಾಡುವುದು ಮಾತ್ರ ಕೊನೆಗೆ, ಉಳಿದದ್ದೆಲ್ಲ ಸರಿ ಇದೆ ಅಂತ ಖಾತ್ರಿಯಾದ ಮೇಲೆ.

ವೇಪರ್ ಲಾಕ್ ಗುರುತಿಸುವುದು ಹೀಗೆ: ಗಾಡಿ ಚೆನ್ನಾಗಿ ಓಡಿ, ಚಹಾಕ್ಕೆ ನಿಲ್ಲಿಸಿ ಮತ್ತೆ ಚಾಲು ಮಾಡಿದಾಗ ತೊಂದರೆ ಶುರು. ಎಂಜಿನ್ ಮೆಲ್ಲಗೆ ಬಲ ಕಳೆದುಕೊಳ್ಳುತ್ತದೆ. ಕಿಡಿ ತಪ್ಪಿದರೆ ಹಾಗಲ್ಲ, ಸ್ವಿಚ್ ಆಫ್ ಮಾಡಿದಂತೆ ತಟ್ಟನೆ ಹೋಗುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ. ಐದು ನಿಮಿಷದಲ್ಲಿ ಸರಿಯಾದರೆ ವೇಪರ್ ಲಾಕ್. ಪೈಪನ್ನು ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಿಂದ ದೂರ ತಿರುಗಿಸಿ ಕಟ್ಟುವುದೇ ಪರಿಹಾರ.

ಗಾಳಿಯ ಲೀಕ್ ಹುಡುಕುವುದು ಈ ಎಂಜಿನ್‌ನಲ್ಲಿ ಸುಲಭ. ಇನ್‌ಟೇಕ್ ಮ್ಯಾನಿಫೋಲ್ಡ್ ಹೆಡ್ಡಿನ ಜೊತೆಗೇ ಎರಕ ಹೊಯ್ದದ್ದು, ಹಾಗಾಗಿ ಉಳಿದ ಜಾಗ ಕಡಿಮೆ: ಕಾರ್ಬೋರೇಟರ್ ಕೆಳಗಿನ ಪ್ಯಾಕಿಂಗ್, ಥ್ರಾಟಲ್ ಶಾಫ್ಟ್, ವೈಪರ್‌ಗೆ ಹೋಗುವ ವ್ಯಾಕ್ಯೂಮ್ ಪೈಪ್. ಬ್ರಷ್‌ನಿಂದ ಎಂಜಿನ್ ಆಯಿಲ್ ಹಚ್ಚಿ, ಐಡ್ಲಿಂಗ್ ಬದಲಾದರೆ ಅಲ್ಲೇ ಲೀಕ್. ವೈಪರ್‌ಗೂ ಸೇರಿಸಿ ಎರಡು ಡಯಾಫ್ರಂ ಇರುವ ಪಂಪ್ ಇದ್ದರೆ, ವ್ಯಾಕ್ಯೂಮ್ ಕಡೆಯದು ಹರಿದಾಗ ಎಂಜಿನ್ ಆಯಿಲ್ ಒಳಗೆ ಎಳೆದುಕೊಂಡು ಪ್ಲಗ್ ಜಿಡ್ಡಾಗುತ್ತದೆ. ರಿಂಗ್ ಹೋಗಿದೆ ಅಂದುಕೊಂಡು ಎಂಜಿನ್ ಬಿಚ್ಚುವ ಮೊದಲು ಆ ಪೈಪ್ ಬಿಡಿಸಿ, ಬಾಯಿ ಮುಚ್ಚಿ ಓಡಿಸಿ ನೋಡಿ.

ಏರ್ ಕ್ಲೀನರ್ ಎಣ್ಣೆ ಬಟ್ಟಲಿನದ್ದು. ಶಹಾಬಾದ್, ಚಿತ್ತಾಪುರ ಕಡೆ ಕಲ್ಲು ಗಣಿಯ ಧೂಳಿನಲ್ಲಿ ಓಡಿದರೆ ಎಣ್ಣೆ ಬೇಗ ಕೆಸರಾಗುತ್ತದೆ. ಗುರುತಿಗಿಂತ ಮೇಲೆ ತುಂಬಿದರೂ ತಪ್ಪೇ, ಎಣ್ಣೆ ಕಾರ್ಬೋರೇಟರ್‌ಗೆ ಹೋಗುತ್ತದೆ.

ಕಂಪ್ರೆಷನ್ ಮತ್ತು ವಾಲ್ವ್

ಎಂಜಿನ್ ಕಾಯಿಸಿ, ಪೆಟ್ರೋಲ್ ಲೈನ್ ಮತ್ತೆ ಜೋಡಿಸಿದ್ದು ಖಾತ್ರಿ ಮಾಡಿಕೊಂಡು, ಕಾಯಿಲ್‌ಗೆ ಕರೆಂಟ್ ತರುವ ವೈರ್ ಬಿಡಿಸಿ, ನಾಲ್ಕೂ ಪ್ಲಗ್ ತೆಗೆದು, ಎಕ್ಸಲೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಿರಿ. ಒಳ್ಳೆ ಎಂಜಿನ್‌ನಲ್ಲಿ 120ರಿಂದ 130 ಪಿಎಸ್ಐ. ಹಳೇ ಎಂಜಿನ್‌ನಲ್ಲಿ ನಾಲ್ಕೂ 100ರ ಹತ್ತಿರ ಸಮ ಇದ್ದರೆ ಮಿಸ್ಸಿಂಗ್‌ಗೆ ಅದು ಕಾರಣ ಅಲ್ಲ. ಒಂದಕ್ಕೊಂದು 10 ಪಿಎಸ್ಐಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಯೋಚನೆ ಮಾಡಬೇಕು. ಕಡಿಮೆ ಬಂದ ಸಿಲಿಂಡರ್‌ಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ಪಕ್ಕಪಕ್ಕದ ಎರಡು ಒಟ್ಟಿಗೇ ಕಡಿಮೆ ಬಂದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿದೆ.

ವಾಲ್ವ್ ಅನುಮಾನಕ್ಕೆ ಇನ್ನೊಂದು ಹಳೇ ಪರೀಕ್ಷೆ: ಐಡ್ಲಿಂಗ್‌ನಲ್ಲಿ ಸೈಲೆನ್ಸರ್ ಬಾಯಿಗೆ ಒಂದು ಕಾಗದದ ಪಟ್ಟಿ ಹಿಡಿಯಿರಿ. ಒಂದೇ ಸಮ ಹೊರಗೆ ಹಾರಬೇಕು. ಆಗಾಗ ಒಳಗೆ ಎಳೆದುಕೊಂಡರೆ ಎಕ್ಸಾಸ್ಟ್ ವಾಲ್ವ್ ಸರಿಯಾಗಿ ಕೂರುತ್ತಿಲ್ಲ.

ತಣ್ಣಗಿರುವಾಗ ಕ್ಲಿಯರೆನ್ಸ್ (ವಾಲ್ವ್ ಮತ್ತು ಅದನ್ನು ತಳ್ಳುವ ಭಾಗದ ನಡುವಿನ ಸಂದು) ಇನ್‌ಟೇಕ್‌ಗೆ 18 ಥೌ, ಎಕ್ಸಾಸ್ಟ್‌ಗೆ 16 ಥೌ. ಇನ್‌ಟೇಕ್ ಮೇಲಿನ ಕವರ್ ಬಿಚ್ಚಿದರೆ ಸಿಗುತ್ತದೆ. ಎಕ್ಸಾಸ್ಟ್ ಟ್ಯಾಪೆಟ್ ಬ್ಲಾಕಿನ ಬದಿಯ ಕವರ್ ಒಳಗೆ. ಕೈ ಹೋಗುವುದು ಕಷ್ಟ, ಅದಕ್ಕೇ ಯಾರೂ ಮುಟ್ಟಿರುವುದಿಲ್ಲ. ಸದ್ದು ಬರಬಾರದು ಅಂತ ಟ್ಯಾಪೆಟ್ ಬಿಗಿ ಮಾಡಿಸುವವರಿದ್ದಾರೆ. ಬಿಗಿ ಇದ್ದರೆ ಕಾದಾಗ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಸುಡುತ್ತದೆ. ಸ್ವಲ್ಪ ಟಿಕ್ ಟಿಕ್ ಇರಲಿ ಬಿಡಿ.

ವ್ಯಾಕ್ಯೂಮ್ ಗೇಜ್ ಇದ್ದರೆ ಮುಳ್ಳು ಅಲುಗಾಡದೆ ನಿಲ್ಲಬೇಕು. ಪುಸ್ತಕದಲ್ಲಿ 18ರಿಂದ 20 ಇಂಚು (ಪಾದರಸದ ಅಳತೆ) ಅಂತ ಇರುವುದು ಸಮುದ್ರ ಮಟ್ಟದ ಲೆಕ್ಕ. ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು ಒಂದು ಇಂಚು ಕಡಿಮೆ. ಕಲಬುರಗಿ ಸುಮಾರು 450 ಮೀಟರ್ ಮೇಲಿದೆ, ಬೀದರ್ ಸುಮಾರು 700. ಹಾಗಾಗಿ ಬೀದರ್‌ನಲ್ಲಿ 16 ತೋರಿಸಿದರೆ ಗಾಬರಿ ಬೇಡ. ಮುಳ್ಳು ತಾಳಕ್ಕೆ ಸರಿಯಾಗಿ ಕೆಳಗೆ ಬೀಳುತ್ತಿದ್ದರೆ ಒಂದು ವಾಲ್ವ್ ಕೈಕೊಟ್ಟಿದೆ.

ರಸ್ತೆಗೆ ಇಳಿಸಿ

ಗ್ಯಾರೇಜಿನಲ್ಲಿ ರೇಸ್ ಮಾಡಿ ನೋಡಿದರೆ ಸಾಲದು, ಲೋಡ್ ಬೀಳಬೇಕು. ಕಲಬುರಗಿಯವರು ಕಮಲಾಪುರ ದಾಟಿ ಹುಮನಾಬಾದ್ ಕಡೆ ಹೋಗಿ, ರಸ್ತೆ ಒಟ್ಟಾರೆ ಏರುತ್ತಾ ಹೋಗುತ್ತದೆ. ಟಾಪ್ ಗೇರ್‌ನಲ್ಲಿ ಕಡಿಮೆ ಸ್ಪೀಡಿನಿಂದ ಎಕ್ಸಲೇಟರ್ ಒತ್ತಿ ಎಳೆಸಿ. ಅರ್ಧ ಗಂಟೆ ಓಡಿದ ಮೇಲೆ ಹತ್ತು ನಿಮಿಷ ಬಾನೆಟ್ ಮುಚ್ಚಿ ನಿಲ್ಲಿಸಿ, ಮತ್ತೆ ಚಾಲು ಮಾಡಿ ಓಡಿಸಿ. ಈ ಎರಡನೇ ಓಟದಲ್ಲೇ ಕಂಡೆನ್ಸರ್, ಕಾಯಿಲ್, ವೇಪರ್ ಲಾಕ್ ಮೂರೂ ಬಣ್ಣ ಬಯಲು ಮಾಡುತ್ತವೆ. ಮಿಸ್ಸಿಂಗ್ ಮತ್ತೆ ಬಂದರೆ ಅಲ್ಲೇ ಚೋಕ್ ಎಳೆದು ನೋಡಿ, ಏನಾಯಿತು ಅಂತ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ.

ಸರಿಯಾದ ಮೇಲೆ ಒಂದು ಕಂಡೆನ್ಸರ್, ಒಂದು ರೋಟರ್, ಒಂದು ಸೆಟ್ ಪಾಯಿಂಟ್ ಗಾಡಿಯಲ್ಲಿ ಇಟ್ಟುಕೊಳ್ಳಿ. ಹೊಸದನ್ನು ಪೊಟ್ಟಣದಲ್ಲೇ ಇಡಬೇಡಿ. ಅದನ್ನು ಗಾಡಿಗೆ ಹಾಕಿ, ಕಾಯುವ ತನಕ ಓಡಿಸಿ, ಚೆನ್ನಾಗಿದೆ ಅಂತ ಗೊತ್ತಾದ ಮೇಲೆ ಬಿಚ್ಚಿ ಸೀಟಿನ ಕೆಳಗಿನ ಡಬ್ಬಿಗೆ ಹಾಕಿ.